ಕಡಲ ದಾರಿಯ ತಂಗುದಾಣಗಳು: ವಿಕ್ಟೋರಿಯಾ ಕಾಲದ ಹಾವೇರಿ ಸೀಮೆಯ ಬಂಗಲೆ ಮತ್ತು ಧರ್ಮಶಾಲೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಕಡಲ ತಡಿಯ ಊರುಗಳಲ್ಲ. ಹಾವೇರಿಯಿಂದ ಹಾನಗಲ್ಲು, ಶಿರಸಿಗಳ ಮೇಲೆ ಹಾದು ದೇವಿಮನೆ ಘಟ್ಟವನ್ನಿಳಿದು ಕುಮಟೆಯನ್ನು ಮುಟ್ಟಬೇಕಾದರೆ ಸುಮಾರು 135 ಕಿಲೋಮೀಟರ್ ಸಾಗಬೇಕು. ಆದರೂ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಈ ಪೇಟೆಗಳ ವ್ಯಾಪಾರ ಕಡಲಿನ ಕಡೆಗೇ ಮುಖ ಮಾಡಿತ್ತು. ಇದಕ್ಕೆ ಒಂದು ಹೆಸರೇ ಸಾಕ್ಷಿಯಾಗಿದೆ. ಧಾರವಾಡ ಜಿಲ್ಲೆಯ ಕರಿಮಣ್ಣಿನಲ್ಲಿ ಬೆಳೆದ ನಾಡಹತ್ತಿಯನ್ನು ಮುಂಬಯಿಯ ವರ್ತಕರು ‘ಕುಮಟಾ ಹತ್ತಿ’ ಎಂದು ಕರೆದರು. ಕುಮಟೆ ಹತ್ತಿ ಬೆಳೆಯುವ ಊರಲ್ಲ. ಹತ್ತಿ ಹಡಗನ್ನೇರಿದ ಬಂದರಿನ ಹೆಸರು ಹತ್ತಿಗೆ ಅಂಟಿಕೊಂಡಿತು. ಬೆಳೆದ ಹೊಲದ ಹೆಸರು ದಾರಿಯಲ್ಲಿಯೇ ಉಳಿಯಿತು.

ಆ ದಾರಿಯಲ್ಲಿ ಪ್ರಯಾಣಿಕರು ರಾತ್ರಿಯನ್ನು ಎಲ್ಲಿ ಕಳೆಯುತ್ತಿದ್ದರು ಎಂಬುದು ಪ್ರಸ್ತುತ ಲೇಖನದ ವಿಷಯ. ರಾಜರು, ಯುದ್ಧಗಳು, ದಾನಶಾಸನಗಳ ಚರಿತ್ರೆಯ ನಡುವೆ ತಂಗುದಾಣದ ಚರಿತ್ರೆ ಸಣ್ಣದಾಗಿ ಕಾಣಬಹುದು. ಆದರೆ ದಾರಿಹೋಕನಿಗೆ ಸೂರು ಕೊಟ್ಟವರು ಯಾರು, ಅದರ ವೆಚ್ಚವನ್ನು ಹೊತ್ತವರು ಯಾರು, ಸೂರಿನ ಹೊರಗೆ ಉಳಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಒಂದು ಸಮಾಜದ ಒಳರಚನೆ ತಾನಾಗಿ ತೆರೆದುಕೊಳ್ಳುತ್ತದೆ.

ಎತ್ತಿನ ನಡಿಗೆ, ಊರಿನ ಅಂತರ

ಪ್ರಾಚೀನ ಕರ್ನಾಟಕದಲ್ಲಿ ದಾರಿಹೋಕನಿಗೆ ಅನ್ನ, ನೀರು, ನೆರಳುಗಳನ್ನು ಒದಗಿಸುವುದು ವ್ಯಾಪಾರವಾಗಿರಲಿಲ್ಲ. ಅದು ದಾನದ ಒಂದು ರೂಪವಾಗಿತ್ತು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಸತ್ರ’ ಮತ್ತು ‘ಅರವಂಟಿಗೆ’ ಎಂಬ ಮಾತುಗಳು ಇದನ್ನು ತಿಳಿಸುತ್ತವೆ. ಸತ್ರವೆಂದರೆ ಅನ್ನ ದೊರೆಯುವ ಸ್ಥಳ; ಅರವಂಟಿಗೆ ಎಂದರೆ ಕುಡಿಯುವ ನೀರಿನ ಚಪ್ಪರ. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಋಷಿಯರ ಆಹಾರದಾನಕ್ಕೆಂದು ಭೂಮಿಯನ್ನು ಎಣಿಸಿ ಕೊಟ್ಟ ಉಲ್ಲೇಖಗಳು ವಿಪುಲವಾಗಿವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಎರಡು ಪ್ರಯಾಣಿಕನಿಗೆ ನೇರವಾಗಿ ಸಲ್ಲುವಂಥವು. ವೀರಶೈವ ಮಠಗಳ ದಾಸೋಹವೂ ಇದೇ ಆಶಯವನ್ನು ಬೇರೊಂದು ಪರಿಭಾಷೆಯಲ್ಲಿ ಮುಂದುವರಿಸಿತು. ಹಾವೇರಿ ಸೀಮೆಯಲ್ಲಿ ಈ ಎರಡು ಪರಂಪರೆಗಳಿಗೂ ಆಳವಾದ ಬೇರುಗಳಿವೆ. ಗುಣಭದ್ರಾಚಾರ್ಯರ ಉತ್ತರಪುರಾಣದೊಡನೆ ಹೆಸರು ಹೆಣೆದುಕೊಂಡಿರುವ ಬಂಕಾಪುರ ಇಲ್ಲಿಯದೇ. ಸಾಲುಸಾಲಾಗಿ ಮಠಗಳಿರುವ ಊರುಗಳೂ ಇಲ್ಲಿಯವೇ.

ತಂಗುದಾಣಗಳು ಎಲ್ಲಿರಬೇಕೆಂಬುದನ್ನು ಮಾತ್ರ ಧರ್ಮ ನಿರ್ಧರಿಸಲಿಲ್ಲ, ಎತ್ತು ನಿರ್ಧರಿಸಿತು. ಹೇರು ಹೊತ್ತ ಚಕ್ಕಡಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಸಾಗದು. ಪುಣೆ–ಬೆಂಗಳೂರು ಹೆದ್ದಾರಿಯ ಊರುಗಳನ್ನು ಈ ಅಳತೆಯಿಂದ ನೋಡಬೇಕು. ತುಂಗಭದ್ರೆಯ ದಡದ ಹರಿಹರ, ರಾಣೆಬೆನ್ನೂರು, ಬ್ಯಾಡಗಿಗೆ ದಾರಿ ಒಡೆಯುವ ಮೋಟೆಬೆನ್ನೂರು, ಹಾವೇರಿ, ಬಂಕಾಪುರ ಇವುಗಳ ನಡುವಣ ಅಂತರ ಹೆಚ್ಚು ಕಡಿಮೆ ಎತ್ತಿನ ಒಂದು ದಿನದ ನಡಿಗೆಗೆ ಸಮನಾಗಿದೆ. ಊರಿನ ಹೊರಗೆ ಕೆರೆ, ಕೆರೆಯ ಏರಿಯ ಬದಿಗೆ ಆಲದ ಮರ, ಮರದ ಬುಡದಲ್ಲಿ ಕಟ್ಟೆ, ಹತ್ತಿರದಲ್ಲಿಯೇ ಒಂದು ಗುಡಿ. ಬಂಡಿಯವನಿಗೆ ಬೇಕಾದುದು ಇಷ್ಟೇ ಆಗಿತ್ತು. ರೊಟ್ಟಿಯ ಬುತ್ತಿ ಅವನ ಬಳಿಯೇ ಇರುತ್ತಿತ್ತು. ಎತ್ತಿಗೆ ಕಣಿಕೆ ಮತ್ತು ನೀರು ಸಿಕ್ಕರೆ ಆ ರಾತ್ರಿ ಸುಖವಾಗಿ ಕಳೆಯಿತೆಂದೇ ಲೆಕ್ಕ.

ಬಂಡಿಯ ದಾರಿಗಳು ಇಲ್ಲದ ಕಾಲದಲ್ಲಿ ಸರಕು ಸಾಗಿಸಿದವರು ಲಂಬಾಣಿಗಳು. ನೂರಾರು ಹೇರೆತ್ತುಗಳ ಸಾಲಿನೊಡನೆ ಘಟ್ಟವನ್ನು ಹತ್ತಿಳಿಯುತ್ತಿದ್ದ ಅವರಿಗೆ ತಾಂಡಾವೇ ಮನೆ, ತಾಂಡಾವೇ ಛತ್ರ. ಮೇಲಿನಿಂದ ಧಾನ್ಯ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ತೆಂಗಿನಕಾಯಿ ಏರುತ್ತಿದ್ದವು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನಗದ್ದೆಗಳು ಘಟ್ಟದ ಮೇಲಿನ ಸೀಮೆಗೆ ಉಪ್ಪು ಉಣಿಸಿದ ಹಳೆಯ ನೆಲೆಗಳಲ್ಲಿ ಒಂದು. ಬಂಡಿಯ ರಸ್ತೆ ಮತ್ತು ಆ ಬಳಿಕ ರೈಲು ಬಂದಾಗ ಲಂಬಾಣಿಗಳ ಸಾಗಣೆಯ ವೃತ್ತಿ ಕುಸಿಯಿತು. ಇಂದು ಹಾವೇರಿ, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ ಕಾಣುವ ತಾಂಡಾಗಳು ನಡೆಯುತ್ತಿದ್ದ ಜನಾಂಗವೊಂದು ನೆಲೆ ನಿಂತ ಗುರುತುಗಳಾಗಿವೆ.

ಹತ್ತಿಯ ವರ್ಷಗಳು

1817ರ ಪುಣೆಯ ಒಪ್ಪಂದದ ಮೂಲಕ ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕಾಗಿತ್ತು. ಆದುದರಿಂದ 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡದ ಕರಿಮಣ್ಣಿನಲ್ಲಿ ಬಿತ್ತುವ ಪ್ರಯೋಗಗಳು ನಡೆದವು. ಭಾರತದಲ್ಲಿ ಆ ತಳಿ ಚೆನ್ನಾಗಿ ಒಗ್ಗಿಕೊಂಡ ಕೆಲವೇ ಪ್ರದೇಶಗಳಲ್ಲಿ ಇದೂ ಒಂದು. ಹೀಗೆ ನಾಡತಳಿಯ ‘ಕುಮಟಾ’ ಮತ್ತು ಹೊರತಳಿಯ ‘ಧಾರವಾಡ ಅಮೆರಿಕನ್’ ಎಂಬ ಎರಡು ಹೆಸರುಗಳು ಪೇಟೆಯಲ್ಲಿ ನೆಲೆಯಾದವು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ ಈ ವ್ಯಾಪಾರವನ್ನು ಉಕ್ಕೇರಿಸಿತು. ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋದಾಗ ಮುಂಬಯಿಯಲ್ಲಿ ಬೆಲೆ ಮುಗಿಲಿಗೇರಿತು. ಹತ್ತಿಗೆ ಕಸ, ಕಾಳು ಬೆರೆಸಿ ಮಾರುವವರು ಎಷ್ಟು ಹೆಚ್ಚಿದರೆಂದರೆ, ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಅದರ ಹಿಂದಿನ ವರ್ಷ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತು. ಹತ್ತಿ ಬೆಳೆಯುವ ಜಿಲ್ಲೆ ಒಂದು ಪ್ರಾಂತದಲ್ಲಿಯೂ ಅದನ್ನು ಸಾಗಿಸುವ ಬಂದರು ಇನ್ನೊಂದರಲ್ಲಿಯೂ ಇದ್ದ ತೊಡಕು ಅಲ್ಲಿಗೆ ಮುಗಿಯಿತು. ಕಾರವಾರ ಜಿಲ್ಲಾಕೇಂದ್ರವಾಯಿತು, ಅದನ್ನು ದೊಡ್ಡ ಬಂದರನ್ನಾಗಿಸುವ ಕನಸುಗಳೂ ಹುಟ್ಟಿದವು.

ಹತ್ತಿಯ ಸಾಗಣೆಗೆ ಋತುವಿನ ಕಟ್ಟಳೆಯಿತ್ತು. ನಾಡಹತ್ತಿ ಬಿಡಿಸುವ ಕಾಲ ಫೆಬ್ರುವರಿಯಿಂದ ಏಪ್ರಿಲ್. ಜೂನ್ ಹೊತ್ತಿಗೆ ಮುಂಗಾರು ಇಳಿದರೆ ಘಟ್ಟದ ದಾರಿ ಕೆಸರಾಗುತ್ತಿತ್ತು. ಕುಮಟೆಯ ತೆರೆದ ಕಡಲಿನಲ್ಲಿ ಪತ್ತೇಮಾರಿಗಳು ನಿಲ್ಲಲಾಗುತ್ತಿರಲಿಲ್ಲ. ಆದುದರಿಂದ ಹತ್ತಿ ಬಿಡಿಸಿ, ಅರೆದು, ಅಂಡಿಗೆ ಕಟ್ಟಿ, ಬಂಡಿಗೆ ಹೇರಿ ಬಂದರಿಗೆ ಮುಟ್ಟಿಸುವ ಕೆಲಸವೆಲ್ಲ ಬೇಸಗೆಯ ಕೆಲವೇ ವಾರಗಳಲ್ಲಿ ಮುಗಿಯಬೇಕಾಗಿತ್ತು. ಹಾವೇರಿಯಿಂದ ಹೊರಟ ಬಂಡಿಗೆ ಕುಮಟೆ ಮುಟ್ಟಲು ಆರೇಳು ದಿನ ಹಿಡಿಯುತ್ತಿತ್ತು. ಆ ವಾರಗಳಲ್ಲಿ ಹಾನಗಲ್ಲಿನಿಂದ ಶಿರಸಿಯವರೆಗೆ, ಘಟ್ಟದ ನೆತ್ತಿಯ ದೇವಿಮನೆಯಿಂದ ಬುಡದ ಕತಗಾಲದವರೆಗೆ, ಸಂಜೆಯಾದೊಡನೆ ಬಂಡಿಗಳು ಕೊರಳು ಬಿಚ್ಚಿ ನಿಲ್ಲುವ ಬಯಲುಗಳೇ ಊರುಗಳಂತೆ ತುಂಬಿಕೊಳ್ಳುತ್ತಿದ್ದವು.

ಇದೇ ದಾರಿಯಲ್ಲಿ ಇನ್ನೂ ಎರಡು ಬಗೆಯ ಸಂಚಾರವಿತ್ತು. ಮಲೆನಾಡಿನ ಯಾಲಕ್ಕಿ ಹಾವೇರಿಗೆ ಬಂದು, ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದೊಡನೆ ತೊಳೆಯಲ್ಪಟ್ಟು, ಬಿಳುಪೇರಿ, ಮತ್ತೆ ದೂರದ ಪೇಟೆಗಳಿಗೆ ಹೋಗುತ್ತಿತ್ತು. ಹಾವೇರಿಯ ಯಾಲಕ್ಕಿಯ ಹೆಸರು ಹೀಗೆ ಬೆಳೆದುದು. ಶಿವರಾತ್ರಿಯ ಹೊತ್ತಿಗೆ ಬಯಲುಸೀಮೆಯ ಯಾತ್ರಿಕರು ಗೋಕರ್ಣಕ್ಕೆ ಇಳಿಯುತ್ತಿದ್ದರು. ಹತ್ತಿಯ ಅಂಡಿಗೆ, ಯಾಲಕ್ಕಿಯ ಚೀಲ, ಯಾತ್ರಿಕರ ಗಂಟು ಮೂರೂ ಒಂದೇ ರಸ್ತೆಯನ್ನು ಹಂಚಿಕೊಂಡಿದ್ದವು.

ಬಂಗಲೆಯ ಕಟ್ಟಳೆ

ಈ ಕಾಲದಲ್ಲಿಯೇ ದಾರಿಯ ಬದಿಗೆ ಹೊಸದೊಂದು ಕಟ್ಟಡ ತಲೆಯೆತ್ತಿತು. ಅದೇ ಡಾಕ್ ಬಂಗಲೆ ಅಥವಾ ಮುಸಾಫರಿ ಬಂಗಲೆ. ‘ಬಂಗಲೆ’ ಎಂಬ ಮಾತು ಬಂಗಾಳದ ಗುಡಿಸಲಿನ ಮಾದರಿಯಿಂದ ಬಂದುದು. ಇಂಗ್ಲಿಷರ ಬಾಯಲ್ಲಿ ಸುತ್ತಾಡಿ ಕನ್ನಡಕ್ಕೆ ಇಳಿಯಿತು. 1840ರ ದಶಕದಿಂದ ಕಂಪನಿ ಸರಕಾರ ಮುಖ್ಯ ಮಾರ್ಗಗಳಲ್ಲಿ ಇಂಥ ತಂಗುಮನೆಗಳನ್ನು ಹನ್ನೆರಡು ಹದಿನೈದು ಮೈಲಿಗೊಂದರಂತೆ ಕಟ್ಟಿಸತೊಡಗಿತು. ಅಂಚೆಯ ವ್ಯವಸ್ಥೆಯೊಡನೆ ಬೆಳೆದುದರಿಂದ ‘ಡಾಕ್’ ಎಂಬ ವಿಶೇಷಣ ಅದಕ್ಕೆ ಬಂದಿತು.

ಬಂಗಲೆಯ ರಚನೆ ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಊರಿನಿಂದ ತುಸು ದೂರದ ಎತ್ತರದ ನೆಲ, ಸುತ್ತಲೂ ವಿಶಾಲವಾದ ಆವರಣ, ಎತ್ತರದ ಜಗಲಿ, ಮುಂದೆ ಪಡಸಾಲೆ, ಎರಡು ಮೂರು ಕೋಣೆಗಳು, ಪ್ರತಿ ಕೋಣೆಗೂ ಸ್ನಾನಗೃಹ, ಹಿಂಬದಿಗೆ ಬೇರೆಯಾಗಿ ನಿಂತ ಅಡುಗೆಮನೆ ಮತ್ತು ಕುದುರೆ ಲಾಯ. ಅಡುಗೆಗೆ ಖಾನಸಾಮ ಇರುತ್ತಿದ್ದ. ಬಾಡಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ರೂಪಾಯಿ. ಇಪ್ಪತ್ತನಾಲ್ಕು ಗಂಟೆ ತಂಗಿದವನು ಹೊಸದಾಗಿ ಬಂದ ಪ್ರಯಾಣಿಕನಿಗೆ ಜಾಗ ಬಿಟ್ಟುಕೊಡಬೇಕೆಂಬ ನಿಯಮವಿತ್ತು. ಬಂದವರು ತಮ್ಮ ಹೆಸರು, ಬಂದ ಹೊತ್ತು, ಹೊರಟ ಹೊತ್ತು, ಕೊಟ್ಟ ಹಣ ಇವನ್ನು ಒಂದು ದಫ್ತರಿನಲ್ಲಿ ಬರೆಯುತ್ತಿದ್ದರು. ದೂರುಗಳಿದ್ದರೆ ಅವನ್ನೂ ಬರೆಯುತ್ತಿದ್ದರು.

ಸತ್ರಕ್ಕೂ ಬಂಗಲೆಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಸತ್ರದಲ್ಲಿ ಕೊಡುವವನು ಪುಣ್ಯವನ್ನು ಬಯಸುತ್ತಾನೆ, ಪಡೆಯುವವನು ಅತಿಥಿಯಾಗುತ್ತಾನೆ. ಬಂಗಲೆಯಲ್ಲಿ ಎರಡೂ ಕಡೆ ಲೆಕ್ಕವಿದೆ. ಊರಿನ ಮಧ್ಯದಲ್ಲಿದ್ದ ತಂಗುದಾಣ ಊರಿನ ಹೊರಗೆ ಹೋಯಿತು. ದಾನದ ಜಾಗದಲ್ಲಿ ಬಾಡಿಗೆ ಬಂದಿತು. ಗುರುತಿನ ಜಾಗದಲ್ಲಿ ದಫ್ತರು ಬಂದಿತು. ನಿಯಮದ ಮಾತು ಏನೇ ಇರಲಿ, ಬಳಕೆಯಲ್ಲಿ ಅದು ಐರೋಪ್ಯ ಪ್ರಯಾಣಿಕರಿಗೂ ಸರಕಾರಿ ಅಧಿಕಾರಿಗಳಿಗೂ ಮೀಸಲಾದ ಮನೆಯಾಗಿತ್ತು. ಕುಮಟೆಗೆ ಹತ್ತಿ ಹೊಡೆದ ರೈತನಾಗಲಿ, ಅಡತಿ ಅಂಗಡಿಯ ಗುಮಾಸ್ತನಾಗಲಿ ಅದರ ಮೆಟ್ಟಿಲು ಹತ್ತುತ್ತಿರಲಿಲ್ಲ.

ಹಾಗೆಂದು ಬಂಗಲೆಯ ಕಾಲವನ್ನು ಕೇವಲ ಅಧಿಕಾರದ ಕಥೆಯಾಗಿ ನೋಡುವುದೂ ಅಪೂರ್ಣವಾದೀತು. ಜಿಲ್ಲೆಯ ಅಧಿಕಾರಿಗಳು ಬೇಸಗೆ ಚಳಿಗಾಲಗಳಲ್ಲಿ ಊರೂರು ಸುತ್ತಬೇಕಾಗಿದ್ದ ಆಡಳಿತಕ್ರಮವೇ ಕನ್ನಡ ಶಾಸನಶಾಸ್ತ್ರದ ಹುಟ್ಟಿಗೂ ಒದಗಿಬಂದಿತು. ಧಾರವಾಡದಲ್ಲಿದ್ದ ವಾಲ್ಟರ್ ಎಲಿಯಟ್ ನೂರಾರು ಶಾಸನಗಳ ಪ್ರತಿ ಮಾಡಿಸಿದರು. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಈ ಸೀಮೆಯ ಕದಂಬ, ಚಾಲುಕ್ಯ, ರಾಷ್ಟ್ರಕೂಟ ಶಾಸನಗಳನ್ನು ಓದಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದರು. ಸತ್ರಗಳಿಗೆ ಬಿಟ್ಟ ಭೂಮಿಯ ದಾಖಲೆಗಳನ್ನು ಓದಿ ಹೊರಗೆಡಹಿದವರು ಸತ್ರಗಳಲ್ಲಿ ಎಂದೂ ಮಲಗಿರದ ಅಧಿಕಾರಿಗಳು ಎಂಬುದು ಚರಿತ್ರೆಯ ವಿಪರ್ಯಾಸಗಳಲ್ಲೊಂದು.

ಧರ್ಮಶಾಲೆಯ ಹಣ ಯಾರದು?

ಸಾಮಾನ್ಯ ಪ್ರಯಾಣಿಕನಿಗೆ ಈ ಕಾಲದಲ್ಲಿ ಒದಗಿದ ಕಟ್ಟಡ ಧರ್ಮಶಾಲೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ‘ಧರ್ಮಸಾಲಿ’. ಉದ್ದನೆಯ ಮೂರು ಗೋಡೆಗಳು, ಮುಂಬದಿಯಲ್ಲಿ ಕಂಬಗಳ ಸಾಲು, ನೆಲಕ್ಕೆ ಹಾಸುಗಲ್ಲು, ಬದಿಗೊಂದು ಬಾವಿ. ಹಾಸಿಗೆಯಿಲ್ಲ, ಖಾನಸಾಮನಿಲ್ಲ, ದಫ್ತರಿಲ್ಲ. ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡಿಕೊಂಡು ಮಲಗೆದ್ದು ಹೋಗುವವರಿಗಾಗಿ ಕಟ್ಟಿದ ಸೂರು ಅದು. ಕೆಲವನ್ನು ವರ್ತಕರೂ ದೇಸಾಯಿಗಳೂ ಪುಣ್ಯಾರ್ಥವಾಗಿ ಕಟ್ಟಿಸಿದರು. ಆದರೆ ವಿಕ್ಟೋರಿಯಾ ಕಾಲದಲ್ಲಿ ಅವುಗಳ ಸಂಖ್ಯೆ ಹೆಚ್ಚಲು ಇನ್ನೊಂದು ಕಾರಣವಿತ್ತು.

ಮುಂಬಯಿ ಪ್ರಾಂತದಲ್ಲಿ 1869ರ ಲೋಕಲ್ ಫಂಡ್ ಕಾಯಿದೆಯ ಪ್ರಕಾರ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ ಕರ ವಿಧಿಸಲಾಯಿತು. ಈ ಹಣದ ಒಂದು ಪಾಲು ಶಾಲೆಗಳಿಗೆ. ಉಳಿದುದು ರಸ್ತೆ, ಬಾವಿ, ಧರ್ಮಶಾಲೆ ಮುಂತಾದ ಕೆಲಸಗಳಿಗೆ. 1884ರ ಸ್ಥಾನಿಕ ಮಂಡಳಿಗಳ ಕಾಯಿದೆಯ ಬಳಿಕ ಇವುಗಳ ಹೊಣೆ ತಾಲ್ಲೂಕು ಮಂಡಳಿಗಳಿಗೆ ಬಂದಿತು. ಅಂದರೆ ಹೆಸರಿನಲ್ಲಿ ‘ಧರ್ಮ’ ಇದ್ದರೂ ಇಂಥ ಧರ್ಮಶಾಲೆಗಳು ಯಾರೊಬ್ಬರ ಧರ್ಮವೂ ಆಗಿರಲಿಲ್ಲ. ಅವುಗಳ ಕಲ್ಲು, ಸುಣ್ಣ, ತೊಲೆಗಳ ಬೆಲೆಯನ್ನು ತೆತ್ತವನು ರಾಣೆಬೆನ್ನೂರಿನ, ಕೋಡದ, ಕರಜಗಿಯ ರೈತ. ಆಗ ಹಾವೇರಿ ಕರಜಗಿ ತಾಲ್ಲೂಕಿಗೂ ಬ್ಯಾಡಗಿ ಕೋಡ ತಾಲ್ಲೂಕಿಗೂ ಸೇರಿದ್ದವು. ಅವನು ಯಾವ ಜಾತಿಯವನಾದರೂ ಒಂದಾಣೆಯ ಕರ ಒಂದೇ ಆಗಿತ್ತು. ಆದರೆ ಕಂಬಸಾಲಿನ ಒಳಗೆ ಮಲಗುವ ಹಕ್ಕು ಎಲ್ಲರಿಗೂ ಒಂದೇ ಆಗಿರಲಿಲ್ಲ. ಅಸ್ಪೃಶ್ಯರೆನಿಸಿದವರು ಧರ್ಮಶಾಲೆಯ ಬಾವಿಯನ್ನೂ ಮುಟ್ಟುವಂತಿರಲಿಲ್ಲ. ಮಳೆಯಲ್ಲಿಯೂ ಅವರಿಗೆ ಒದಗಿದುದು ಮರದ ಬುಡವೇ.

1876–78ರ ಮಹಾಕ್ಷಾಮ, ಜನರ ಬಾಯಲ್ಲಿ ‘ಧಾತು ಈಶ್ವರ ಬರ’ವೆಂದು ಉಳಿದ ಬರ, ಈ ದಾರಿಯ ದಿಕ್ಕನ್ನೇ ತಿರುಗಿಸಿತು. ಹತ್ತಿ ಇಳಿಯುತ್ತಿದ್ದ ಘಟ್ಟದ ರಸ್ತೆಗಳಲ್ಲಿ ಈಗ ಬಂದರುಗಳಿಂದ ಧಾನ್ಯ ಏರಬೇಕಾಯಿತು. ಆದರೆ ಆ ಧಾನ್ಯವನ್ನು ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಬಂಡಿಯನ್ನೇ ನಂಬಿದ ವ್ಯವಸ್ಥೆಯ ಮಿತಿ ಆ ಎರಡು ವರ್ಷಗಳಲ್ಲಿ ಬಯಲಾಯಿತು. ದಕ್ಷಿಣ ಮರಾಠಾ ಸೀಮೆಗೆ ರೈಲು ಬೇಕೆಂಬ ವಾದಕ್ಕೆ ಬರವೇ ದೊಡ್ಡ ಬಲವನ್ನು ತಂದುಕೊಟ್ಟಿತು.

ರೈಲು ಬಂದ ಮೇಲೆ

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ 1883ರಲ್ಲಿಯೂ ಧಾರವಾಡ ಸಂಪುಟ 1884ರಲ್ಲಿಯೂ ಪ್ರಕಟವಾದವು. ಬಂಡಿಯ ಕಾಲದ ಕೊನೆಯ ಚಿತ್ರಗಳೆಂದು ಆ ಎರಡು ಸಂಪುಟಗಳನ್ನು ಓದಬೇಕು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೇಲೆ ಹರಿಹರದವರೆಗೂ, ಅಲ್ಲಿಂದ ಮುಂದೆ ಮೈಸೂರು ಸಂಸ್ಥಾನದೊಳಕ್ಕೂ ಹಳಿ ಹಾಸಿತು. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ರಸ್ತೆಯ ಸೇತುವೆ ಕಟ್ಟಿದಾಗ ಬಂಡಿಯ ದಾರಿ ತನ್ನ ಏಳಿಗೆಯ ತುದಿಯನ್ನು ಮುಟ್ಟಿತ್ತು. ಅದಾಗಿ ಇಪ್ಪತ್ತು ವರ್ಷಗಳೊಳಗೆ ಅದರ ಇಳಿಗಾಲ ಬಂದಿತು.

ಕಡಲಿಗೆ ಹೋಗುವ ದಾರಿಯೂ ಬದಲಾಯಿತು. 1878ರ ಆಂಗ್ಲ–ಪೋರ್ಚುಗೀಸ್ ಒಪ್ಪಂದದ ಫಲವಾಗಿ ರೈಲು ಗೋವೆಯ ಮರ್ಮಗೋವಾ ಬಂದರಿನತ್ತ ತಿರುಗಿತು. 1888ರಲ್ಲಿ ಘಟ್ಟದ ಹಳಿ ಸಂಚಾರಕ್ಕೆ ತೆರೆಯಿತು. ಕಾರವಾರಕ್ಕೆ ರೈಲು ಬರುವ ಆಸೆ ಮುರಿಯಿತು. ಕುಮಟೆಯ ಹತ್ತಿಯ ವ್ಯಾಪಾರ ಬತ್ತಿತು. 1883ರಲ್ಲಿ ತಮ್ಮ ಅಣ್ಣ, ಜಿಲ್ಲಾ ನ್ಯಾಯಾಧೀಶ ಸತ್ಯೇಂದ್ರನಾಥರೊಡನೆ ಇರಲು ಕಾರವಾರಕ್ಕೆ ಬಂದ ತರುಣ ರವೀಂದ್ರನಾಥ ಠಾಕೂರರು ಅಲ್ಲಿ ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಬರೆದರು. ದೊಡ್ಡ ಬಂದರಾಗುವ ಕನಸು ಕೈಗೂಡದೆ ಉಳಿದ ಊರಿನ ಶಾಂತಿ ಕವಿಗೆ ಒದಗಿಬಂದಿತು.

ಇಂಗ್ಲೆಂಡಿನ ಅನುಭವವನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿಯೂ ರೈಲು ಬಂದೊಡನೆ ಕುದುರೆಗಾಡಿಗಳ ದಾರಿಯ ಹಳೆಯ ತಂಗುಮನೆಗಳು ಬರಿದಾದವು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಅಳಿಯಲಿದ್ದ ಆ ಲೋಕದ ನೆನಪನ್ನು ಹಿಡಿದಿಟ್ಟಿತು. ಆದರೆ ಅದೇ ರೈಲು 1841ರಲ್ಲಿ ಬ್ರೈಟನ್ನನ್ನು ಲಂಡನ್ನಿನೊಡನೆ ಬೆಸೆದು, ಕಡಲ ಊರುಗಳಲ್ಲಿ ಹೊಸ ವಸತಿಗೃಹಗಳ ಸಾಲನ್ನೇ ಎಬ್ಬಿಸಿತು. ಕಾರ್ಮಿಕನೂ ರಜೆಯ ದಿನ ಕಡಲನ್ನು ನೋಡಿ ಬರುವಂತಾಯಿತು. ಹಾವೇರಿ ಸೀಮೆಯಲ್ಲಿ ರೈಲು ಹಳೆಯ ತಂಗುದಾಣವನ್ನು ಅಳಿಸಿತು, ಕಡಲನ್ನೂ ದೂರ ಮಾಡಿತು. ವರುಷಕ್ಕೊಮ್ಮೆ ಕುಮಟೆಗೆ ಹತ್ತಿ ಹೊಡೆದು ಬರುತ್ತಿದ್ದ ರೈತ ಈಗ ಊರಿನ ನಿಲ್ದಾಣದಲ್ಲಿಯೇ ಅಂಡಿಗೆ ಇಳಿಸಿ ಮನೆಗೆ ಮರಳತೊಡಗಿದ. ಅವನ ಮಕ್ಕಳಿಗೆ ಕಡಲು ಹಿರಿಯರು ಹೇಳುವ ಮಾತಾಗಿ ಉಳಿಯಿತು.

ಇದಕ್ಕೆ ಪ್ರತಿಯಾಗಿ ಒಳನಾಡಿನ ಪೇಟೆಗಳು ಬಲಿತವು. ಹೆದ್ದಾರಿಯಿಂದ ತುಸು ಒಳಗಿದ್ದ ಬ್ಯಾಡಗಿಗೆ ರೈಲು ನಿಲ್ದಾಣ ಹೊಸ ಜೀವ ಕೊಟ್ಟಿತು. ಅಲ್ಲಿಯ ಮೆಣಸಿನಕಾಯಿಯ ಹೆಸರು ದೂರದವರೆಗೂ ಹರಡಲು ದಾರಿ ತೆರೆಯಿತು. ಪೇಟೆಗೆ ಬಂದ ರೈತ ಅಡತಿ ಅಂಗಡಿಯ ಕಟ್ಟೆಯ ಮೇಲೆಯೇ ಮಲಗತೊಡಗಿದ. ಊಟಕ್ಕೆ ಖಾನಾವಳಿಗಳು ತೆರೆದವು. ಮರಾಠಿಯಿಂದ ಬಂದ ‘ಖಾನಾವಳಿ’ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಬೇರೂರಿ, ಜೋಳದ ರೊಟ್ಟಿ, ಕಾಳುಪಲ್ಯಗಳೊಡನೆ ಒಂದಾಗಿಹೋಯಿತು. ಸತ್ರದ ಅನ್ನಕ್ಕೆ ಬೆಲೆಯಿರಲಿಲ್ಲ, ಬಂಗಲೆಯ ಊಟ ಬಡವನಿಗೆ ಎಟುಕುತ್ತಿರಲಿಲ್ಲ. ಖಾನಾವಳಿಯ ಊಟ ಕೊಂಡು ಉಣ್ಣಬಲ್ಲಂಥದು. ಈ ಹೊಸ ಉಗಿಯ ಲೋಕ ಬರುವುದನ್ನು ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಕಣ್ಣಾರೆ ಕಂಡರು. ಹತ್ತಿಯ ಗಿರಣಿಯನ್ನೇ ಅವರು ತತ್ತ್ವಪದದ ರೂಪಕವನ್ನಾಗಿ ಮಾಡಿಕೊಂಡುದು ಆ ಕಾಲದ ಬೆರಗಿಗೆ ಸಾಕ್ಷಿಯಾಗಿದೆ.

ಬಾಗಿಲು ತೆರೆದ ಬಗೆ

ಧರ್ಮಶಾಲೆಗಳು ಸಾರ್ವಜನಿಕ ಹಣದಿಂದ ಎದ್ದವು ಎಂಬ ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ಅನಿರೀಕ್ಷಿತವಾದ ಫಲವನ್ನು ಕೊಟ್ಟಿತು. 1923ರ ಆಗಸ್ಟಿನಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ಗೊತ್ತುವಳಿಯನ್ನು ಮಂಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುತ್ತಿರುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಶಾಲೆ, ಕಚೇರಿ, ದವಾಖಾನೆಗಳನ್ನೂ ಬಳಸಲು ಅಸ್ಪೃಶ್ಯವರ್ಗದವರಿಗೆ ಅವಕಾಶವಿರಬೇಕೆಂಬುದು ಅದರ ತಾತ್ಪರ್ಯ. ಗೊತ್ತುವಳಿ ಅಂಗೀಕೃತವಾಯಿತು. 1927ರಲ್ಲಿ ಡಾ. ಅಂಬೇಡ್ಕರರ ನೇತೃತ್ವದ ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಆಧಾರವಾದುದು ಇದೇ. ಧಾರವಾಡ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಈ ಗೊತ್ತುವಳಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಧರ್ಮಶಾಲೆಗಳಿಗೂ ಅನ್ವಯಿಸುವಂಥದಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಪುಣ್ಯಕ್ಕಾಗಿ ಒಬ್ಬರು ಕಟ್ಟಿಸಿದ ಛತ್ರದ ಬಾಗಿಲನ್ನು ತಟ್ಟುವವನಿಗೆ ದಾನಿಯ ಮನಸ್ಸೇ ಆಧಾರ. ಹಕ್ಕಿನ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಒಂದಾಣೆಯ ಕರದಿಂದ ಎದ್ದ ಧರ್ಮಶಾಲೆಯಲ್ಲಿ ಮಾತ್ರ ‘ಇದರಲ್ಲಿ ನನ್ನ ಹಣವೂ ಇದ್ದಿತು’ ಎಂದು ಕೇಳಲು ಸಾಧ್ಯವಾಯಿತು. ದಾನದ ಪರಂಪರೆಯ ಔದಾರ್ಯ ದೊಡ್ಡದೇ; ಆದರೆ ಅದರ ಅಂಗಳದಲ್ಲಿಯೇ ನಿಂತವರಿಗೆ ಒಳಗೆ ಬರಲು ದಾರಿ ದೊರೆತುದು ಕರದ ಲೆಕ್ಕದಿಂದ. ಗೊತ್ತುವಳಿ ಕಾಗದದ ಮೇಲಿಂದ ಕಂಬಸಾಲಿಗೆ ಇಳಿಯಲು ಇನ್ನೂ ದಶಕಗಳು ಬೇಕಾದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲುಗಳೊಡನೆ ಧರ್ಮಶಾಲೆ, ಸರಾಯಿ, ಮುಸಾಫರಖಾನೆಗಳನ್ನು ಹೆಸರಿಟ್ಟು ಹೇಳಿ, ಅಲ್ಲಿ ಪ್ರವೇಶ ತಡೆಯುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು. ಹಳೆಯ ದಾರಿಗಳ ಈ ಮೂರು ಮಾತುಗಳು ಕಾನೂನಿನಲ್ಲಿ ಒಟ್ಟಿಗೆ ಉಳಿದುಕೊಂಡುದಕ್ಕೆ ಅದು ಕಾರಣವಾಯಿತು.

ಬಂಗಲೆಯ ಪಾಡು ಬೇರೆಯಾಯಿತು. 1942ರ ಚಳವಳಿಯಲ್ಲಿ ಉತ್ತರ ಕರ್ನಾಟಕದ ಅನೇಕ ಕಡೆ ಚಾವಡಿ, ಅಂಚೆಕಚೇರಿ, ರೈಲು ನಿಲ್ದಾಣಗಳೊಡನೆ ಸರಕಾರಿ ಬಂಗಲೆಗಳೂ ಚಳವಳಿಗಾರರ ಗುರಿಯಾದವು. ಹೆದ್ದಾರಿಯ ಮೇಲಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸಂಗಾತಿಗಳಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಪ್ರಾಣವನ್ನು ತೆತ್ತರು. ಸರಕಾರದ ಕಟ್ಟಡಗಳು ಜನರಿಗೆ ಪರರ ಕಟ್ಟಡಗಳಾಗಿಯೇ ಕಂಡಿದ್ದವು ಎಂಬುದಕ್ಕೆ ಆ ವರ್ಷಗಳೇ ನಿದರ್ಶನ. ಸ್ವಾತಂತ್ರ್ಯಾನಂತರ ಅವೇ ಬಂಗಲೆಗಳು ‘ಪ್ರವಾಸಿ ಮಂದಿರ’ಗಳಾದವು, ಜನರ ಬಾಯಲ್ಲಿ ‘ಐಬಿ’ಗಳಾದವು.

ದಫ್ತರಿನಲ್ಲಿ ಇಲ್ಲದ ಹೆಸರುಗಳು

ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ (1869–1942), ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದವರು, ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಕಾದಂಬರಿ ತನ್ನ ಮೊದಲ ಓದುಗರನ್ನು ಕಂಡುಕೊಂಡುದು ಹೀಗೆ ಕಾಲ್ನಡಿಗೆಯಲ್ಲಿ. ಅಂಥ ಲೇಖಕನ ರಾತ್ರಿಗಳು ಯಾವ ಬಂಗಲೆಯ ದಫ್ತರಿನಲ್ಲಿಯೂ ದಾಖಲಾಗುವಂಥವಲ್ಲ. ಇತ್ತ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1940ರಲ್ಲಿ ‘ಸಮುದ್ರ ಗೀತೆಗಳು’ ಎಂಬ ಸಂಕಲನವನ್ನು ಕೊಟ್ಟರು. ಕಡಲಿನಿಂದ ದೂರವಾದ ಸೀಮೆಯ ಕವಿಯೊಬ್ಬ ವಿಲಾಯತಿಯ ಹಡಗಿನ ಪಯಣದಲ್ಲಿ ಕಡಲನ್ನು ಮರಳಿ ಪಡೆದಂತಾಯಿತು. ಅವರ ಅಜ್ಜಂದಿರ ಕಾಲದಲ್ಲಿ ಅದೇ ಸೀಮೆಯ ಬಂಡಿಗಳು ವರುಷ ವರುಷವೂ ಆ ಕಡಲನ್ನು ಮುಟ್ಟಿ ಬರುತ್ತಿದ್ದವು.

ಇಂದು ನಾಲ್ಕು, ಆರು ಪಥಗಳ ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ಬದಿಗಿಟ್ಟು ಹಾದುಹೋಗುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಇನ್ನೂ ಮಾತಾಗಿಯೇ ಇದೆ. ಹಳೆಯ ದಾರಿಯನ್ನು ಅಭ್ಯಾಸ ಮಾಡುವವರಿಗೆ ಬಂಗಲೆಗಳ ದಫ್ತರುಗಳು, ಗೆಜೆಟಿಯರುಗಳು, ಸ್ಥಾನಿಕ ಮಂಡಳಿಗಳ ಕಡತಗಳು ಆಕರಗಳಾಗಬಲ್ಲವು. ಆದರೆ ದಿನಕ್ಕೊಂದು ರೂಪಾಯಿ ಕೊಟ್ಟು ಹೆಸರು ಬರೆದವರ ಸಂಖ್ಯೆ ಅಲ್ಪ. ಕಂಬಸಾಲಿನ ನೆರಳಿನಲ್ಲಿ ಒಲೆ ಹೂಡಿದವರು, ಅಡತಿಯ ಕಟ್ಟೆಯ ಮೇಲೆ ಮಲಗಿದವರು, ಆ ಕಟ್ಟೆಯೂ ಸಿಗದೆ ಆಲದ ಬುಡದಲ್ಲಿ ಮಳೆಯನ್ನು ಕಳೆದವರು ಇವರೇ ಆ ದಾರಿಯ ಬಹುಸಂಖ್ಯೆಯ ಪ್ರಯಾಣಿಕರು. ಅವರನ್ನು ಹುಡುಕಬೇಕಾದುದು ಹಂತಿಯ ಹಾಡುಗಳಲ್ಲಿ, ಲಂಬಾಣಿಗಳ ಕಥನಗಳಲ್ಲಿ, ‘ಧರ್ಮಸಾಲಿ’, ‘ಕಟ್ಟಿ’, ‘ಬಂಗ್ಲೆ’ ಎಂದು ಇನ್ನೂ ಉಳಿದಿರುವ ಓಣಿಗಳ ಹೆಸರುಗಳಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ದಾಖಲಿಸುವ ಕೆಲಸಕ್ಕೆ ತೊಡಗಿದರೆ, ಹೊಲದ ಹೆಸರನ್ನು ಕಳೆದುಕೊಂಡು ಬಂದರಿನ ಹೆಸರಿನಿಂದ ಮಾರಾಟವಾದ ಆ ಹತ್ತಿಯ ಹಿಂದಿನ ಮನುಷ್ಯರಿಗೂ ಚರಿತ್ರೆಯಲ್ಲಿ ಒಂದು ರಾತ್ರಿಯ ಸೂರು ದೊರೆತೀತು.